ಎರೆಮೀನು ಸಂಜೆಯವರೆಗೂ ಚುರುಕಾಗಿರಬೇಕಾದರೆ

ಬೆಂಗಳೂರಿನಿಂದ ಗಾಳ ಹಾಕಲು ಹೊರಡುವವರು ಜೀವಂತ ಎರೆಮೀನಿನ ಪೆಟ್ಟಿಗೆಗೆ ನಲ್ಲಿಯ ಕಾವೇರಿ ನೀರನ್ನು ನೇರವಾಗಿ ತುಂಬಬಾರದು. ಅದರಲ್ಲಿರುವ ಕ್ಲೋರಿನ್ ಕಿವಿರುಗಳಿಗೆ ಹಾನಿ ಮಾಡುತ್ತದೆ. ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟಿರಿ.

ನನ್ನ ಅನುಭವದಲ್ಲಿ ಹೆಚ್ಚು ಮೀನುಗಳನ್ನು ಕೊಲ್ಲುವುದು ಬಿಸಿಲು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಥರ್ಮಾಕೋಲ್ ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು, ಬ್ಯಾಟರಿಯ ಏರ್ ಪಂಪನ್ನು ನಿಲ್ಲಿಸದೆ ನಡೆಸಿ, ನೀರು ಬೆಚ್ಚಗಾದರೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯನ್ನು ತೇಲಿಬಿಡಿ. ಬಿಡಿ ಮಂಜುಗಡ್ಡೆ ಬೇಡ, ಅದು ಕರಗಿದರೆ ಕ್ಲೋರಿನ್ ಮತ್ತೆ ಸೇರಬಹುದು.

ಮೀನುಗಳು ಮೇಲಕ್ಕೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ, ಕಿವಿರುಗಳನ್ನು ಬೇಗಬೇಗ ಬಡಿಯುತ್ತಿದ್ದರೆ ಉಸಿರು ಸಾಲುತ್ತಿಲ್ಲವೆಂದು ತಿಳಿದು, ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಿಸಿರಿ. ಸತ್ತದ್ದನ್ನು ತಕ್ಷಣ ತೆಗೆಯಿರಿ, ಆಹಾರ ಹಾಕಬೇಡಿ. ಎರಡರಿಂದಲೂ ಅಮೋನಿಯಾ ಏರುತ್ತದೆ. ಒದ್ದೆಯಾದ ಮೃದು ಬಲೆಯಿಂದಲೇ ಹಿಡಿಯಿರಿ, ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬರುತ್ತದೆ. ಉಳಿದ ಮೀನನ್ನು ಬೇರೆ ಕೆರೆಗೆ ಬಿಡದೆ ಮನೆಗೆ ತನ್ನಿರಿ.