ಕೆರೆಯ ಹೂಳಿನಲ್ಲಿ ನಾನು ಹುಡುಕಿದ್ದು

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೋಲಾರ ಜಿಲ್ಲೆಯ ಒಂದು ಹಳೆಯ ಕೆರೆಯ ಹೂಳನ್ನು ಆರಿಸಿಕೊಂಡೆ. ಪ್ರತಿ ಮಳೆಗಾಲ ಸುತ್ತಲಿನ ಮಣ್ಣು ಕೆರೆಗೆ ಬರುತ್ತದೆ. ಅದರ ಜೊತೆ ಗಿಡಮರಗಳ ಪರಾಗ, ಬೆಂಕಿ ಬಿದ್ದಲ್ಲಿನ ಇದ್ದಿಲ ಚೂರು ಎಲ್ಲವೂ ಪದರ ಪದರವಾಗಿ ಕೂರುತ್ತವೆ. ಅಲ್ಲಿ ಮೊದಲು ಏನೇನು ಬೆಳೆಯುತ್ತಿತ್ತು ಅಂತ ಆ ಪದರಗಳಲ್ಲಿ ನೋಡಬಹುದು.

ಮೊದಲ ಸಲ ತಪ್ಪು ಮಾಡಿದೆ. ಬೇಸಿಗೆಯಲ್ಲಿ ಕೆರೆಗಿಳಿದು, ಪಿವಿಸಿ ಪೈಪನ್ನು ಮರದ ಕೊಡತಿಯಿಂದ ಹೊಡೆದು ಇಳಿಸಿ, ಅರ್ಧ ದಿನ ಒದ್ದಾಡಿ ಮೇಲೆಳೆಯುವ ಹೊತ್ತಿಗೆ ಕೆರೆಯ ನೀರು ಬಿಡುವ ನೀರುಗಂಟಿ ತಾತ ಬಂದರು. "ಏನಮ್ಮಾ, ಅಲ್ಯಾಕೆ ತೋಡ್ತೀರಾ? ಆ ಜಾಗದ ಗೋಡು ನಾವೇ ಹೊಲಕ್ಕೆ ಹೊಡೆದಿದೀವಲ್ಲ" ಅಂದರು. ಗೋಡು ಅಂದರೆ ಕೆರೆಯ ಹೂಳು ಮಣ್ಣು. ಅದನ್ನು ತೆಗೆದು ಕಲಕಿದ ಜಾಗದಲ್ಲಿ ಪದರ ಎಲ್ಲಿರುತ್ತದೆ? ಏರಿಯ ಮಗ್ಗುಲಿಗೆ, ಗಾಡಿ ಇಳಿಯದ ಕೆಸರಿನ ಕಡೆಗೆ ಅವರೇ ಕರೆದುಕೊಂಡು ಹೋದರು. ನೀವು ಈ ಕೆಲಸ ಮಾಡುವುದಾದರೆ ಪೈಪು ಇಳಿಸುವ ಮೊದಲು ಊರಿನವರನ್ನು ಕೇಳಿ.

ಎರಡನೇ ಸಲ ಪೈಪು 120 ಸೆಂ.ಮೀ. ಇಳಿಯಿತು, ಒಳಗಿದ್ದ ಹೂಳು 94 ಸೆಂ.ಮೀ. ಮಾತ್ರ. ಹೊಡೆಯುವಾಗ ಮಣ್ಣು ಅದುಮಿಕೊಳ್ಳುತ್ತದೆ. ಹೊರಗಿನ ಮಟ್ಟ, ಒಳಗಿನ ಮಟ್ಟ ಎರಡನ್ನೂ ಅಲ್ಲೇ ಬರೆದುಕೊಳ್ಳಬೇಕು, ಮೇಲ್ತುದಿ ಯಾವುದು ಅಂತ ಬಾಣದ ಗುರುತನ್ನೂ ಹಾಕಬೇಕು.

ಲ್ಯಾಬಿನಲ್ಲಿ ಪೈಪನ್ನು ಉದ್ದಕ್ಕೆ ಸೀಳಿ 2 ಸೆಂ.ಮೀ.ಗೆ ಒಂದರಂತೆ ಹೋಳು ಮಾಡಿದೆ. ಪರಾಗವನ್ನು ಮಣ್ಣಿನಿಂದ ಬಿಡಿಸಬೇಕಿತ್ತು: ಸುಣ್ಣದಂಶ ಹೋಗಲು ಹೈಡ್ರೋಕ್ಲೋರಿಕ್ ಆಸಿಡ್, ಮರಳು ಕರಗಲು ಹೈಡ್ರೋಫ್ಲೋರಿಕ್ ಆಸಿಡ್. ಎರಡನೆಯದು ನಿಜಕ್ಕೂ ಅಪಾಯ, ಗೈಡ್ ಪಕ್ಕದಲ್ಲಿ ಇಲ್ಲದೆ ನಾನು ಬಾಟಲಿ ಮುಟ್ಟಲಿಲ್ಲ.

ಮೈಕ್ರೋಸ್ಕೋಪಿನ ಮುಂದೆ ಮೊದಲ ತಿಂಗಳು ಏನೂ ಗುರುತು ಸಿಗಲಿಲ್ಲ. ಆಮೇಲೆ ಕೆರೆಯ ಸುತ್ತ ಅರಳಿದ ಹೂಗಳನ್ನೇ ತಂದು ಸ್ಲೈಡ್ ಮಾಡಿಟ್ಟುಕೊಂಡು ಹೋಲಿಸಿ ನೋಡತೊಡಗಿದೆ. ನೀಲಗಿರಿಯ ಪರಾಗ ಮುಮ್ಮೂಲೆ, ಜಾಲಿಯದು ಹಲವು ಕಣ ಅಂಟಿಕೊಂಡ ಉಂಡೆ, ಹುಲ್ಲಿನದು ಒಂದೇ ತೂತಿನ ಗುಂಡು. ಆದರೆ ಯಾವ ಹುಲ್ಲು ಅಂತ ಹೇಳುವುದು ಬಹಳ ಕಷ್ಟ. ನೀಲಗಿರಿ ಮೇಲಿನ ಪದರಗಳಲ್ಲಿ ಮಾತ್ರ ಸಿಕ್ಕಿತು. ಈ ಸೀಮೆಯಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಅದನ್ನು ಜಾಸ್ತಿ ನೆಟ್ಟರು, ಹಾಗಾಗಿ ಕಾಲ ಹೇಳಲು ಅದೊಂದು ಗುರುತಾಯಿತು.

ಆದರೂ ಪರಾಗ ಎಣಿಕೆಗೆ ಸಾಲದಷ್ಟು ಕಡಿಮೆ, ಅರ್ಧಕ್ಕರ್ಧ ಮುರಿದಿದ್ದವು. ಕೆರೆ ಒಣಗಿದಾಗಲೆಲ್ಲ ಗಾಳಿ ಒಳಗೆ ಹೋಗಿ ಪರಾಗ ಹಾಳಾಗುತ್ತದೆ. ಎರಡು ವಾರ ತುಂಬಾ ಬೇಜಾರಾಗಿತ್ತು. ಆಗ ಗೈಡ್ ಫೈಟೋಲಿತ್ ನೋಡು ಅಂದರು. ಗಿಡದ ಎಲೆಯೊಳಗೆ ಸಿಲಿಕಾದಿಂದ ಆಗುವ ಕಣ ಅದು, ಒಣಗಿದರೂ ಉಳಿಯುತ್ತದೆ. ಹೈಡ್ರೋಫ್ಲೋರಿಕ್ ಹಾಕಿದರೆ ಅದೂ ಕರಗಿ ಹೋಗುತ್ತದೆ, ಹಾಗಾಗಿ ಆಸಿಡ್ ಹಾಕದೆ ಎತ್ತಿಟ್ಟಿದ್ದ ಅರ್ಧ ಹೋಳುಗಳಿಂದ ಮತ್ತೆ ಶುರು ಮಾಡಿದೆ. ಕೆಳಗಿನ ಪದರಗಳಲ್ಲಿ ಭತ್ತದ ಎಲೆಯ ಬೀಸಣಿಗೆ ಆಕಾರದ ಕಣಗಳು ಸಾಲು ಸಾಲಾಗಿ ಕಂಡವು, ಮೇಲಕ್ಕೆ ಬಂದಂತೆ ಕಡಿಮೆಯಾದವು. ಆದರೆ ಗದ್ದೆ ಇರುವುದು ಏರಿಯ ಕೆಳಗಲ್ವಾ, ಅದರ ಕಣ ಕೆರೆಗೆ ಹೇಗೆ ಬಂತು?

ಫೋಟೋ ಹಿಡಿದುಕೊಂಡು ತಾತನ ಹತ್ತಿರ ಹೋದೆ. "ಮೇಲಿನ ಕೆರೆ ಅಚ್ಚುಕಟ್ಟಿನ ನೀರೆಲ್ಲ ಇಲ್ಲಿಗೇ ಬರೋದಲ್ಲಮ್ಮಾ. ಅಲ್ಲಿ ನಾನೂ ನಾಟಿ ಮಾಡಿದೀನಿ, ಆ ಕೆರೆ ತುಂಬೋದು ನಿಂತ ಮೇಲೆ ಬಿಟ್ವಿ" ಅಂದರು. ಈಗ ಆ ಮೇಲಿನ ಕೆರೆಯಲ್ಲಿ ಎಲ್ಲೆಲ್ಲಿ ಗೋಡು ತೆಗೆದಿದ್ದಾರೆ ಅಂತ ಅವರನ್ನು ಕೂರಿಸಿಕೊಂಡು ನಕ್ಷೆ ಬರೆಯುತ್ತಿದ್ದೇನೆ.