ಹುತ್ತದ ಅಣಬೆಯೆಂದು ಮೋಸಗೊಳಿಸುವ ವಿಷದಣಬೆಯನ್ನು ಗುರುತಿಸುವ ಬಗೆ

ಮೃಗಶಿರಾ ಮಳೆಗೆ ನೆಲ ನೆನೆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹುತ್ತದ ಅಣಬೆ ಹುಡುಕಿ ಹೊರಡುವವರಿಗೆ ಅದು ಏಳುವ ಜಾಗ ಹಿಂದಿನ ವರ್ಷಗಳಿಂದಲೇ ತಿಳಿದಿರುತ್ತದೆ. ಅಂಗಳದ ಹುಲ್ಲು, ದನ ಮೇಯುವ ಬ್ಯಾಣ, ಗೊಬ್ಬರ ಬಿದ್ದ ತೋಟದ ಬದಿ, ಇಂಥ ಕಡೆ ಎದ್ದ ದೊಡ್ಡ ಬಿಳಿ ಕೊಡೆಯನ್ನೂ ಅದೇ ಎಂದುಕೊಂಡು ಕೊಯ್ದಾಗ ಎಡವಟ್ಟಾಗುತ್ತದೆ. ಹೀಗೆ ಮೋಸಗೊಳಿಸುವ ಅಣಬೆಗಳಲ್ಲಿ ಮುಖ್ಯವಾದದ್ದು ಕ್ಲೋರೊಫಿಲ್ಲಮ್ ಮೋಲಿಬ್ಡೈಟಿಸ್.

ವಿಷದಣಬೆ ಎಂದರೆ ಪೈನ್ ಕಾಡಿನ ಚಿತ್ರಗಳಲ್ಲಿ ಕಾಣುವ, ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯಿರುವ ಅಮಾನಿಟಾ ಮಸ್ಕೇರಿಯಾ ಎಂದೇ ಅನೇಕರ ಕಲ್ಪನೆ. ಅದೂ ವಿಷವೇ ನಿಜ. ಆದರೆ ಕ್ಲೋರೊಫಿಲ್ಲಮ್‌ಗೆ ಅಂಥ ಎಚ್ಚರಿಕೆಯ ಬಣ್ಣವಿಲ್ಲ. ಅರಳಿದ ಟೋಪಿ ಸಾಮಾನ್ಯವಾಗಿ 10ರಿಂದ 30 ಸೆಂಟಿಮೀಟರ್ ಅಗಲವಿದ್ದು, ಬಿಳಿಯ ಮೇಲೆ ಕಂದು ಹೊಪ್ಪಳೆಗಳು ನಡುವಿನಲ್ಲಿ ಒತ್ತಾಗಿ, ಅಂಚಿನತ್ತ ಚದುರಿ ಕಾಣುತ್ತವೆ. ಕಾಂಡದ ಮೇಲ್ಭಾಗದಲ್ಲಿ ಬಳೆಯಂಥ ಉಂಗುರವಿರುತ್ತದೆ. ಬಲಿತ ಅಣಬೆಯಲ್ಲಿ ಅದನ್ನು ಮೇಲೆ ಕೆಳಗೆ ಸರಿಸಬಹುದು.

ಅಣಬೆಯನ್ನು ಕಿತ್ತುಕೊಳ್ಳದೆ, ಬುಡದ ಮಣ್ಣನ್ನು ಕತ್ತಿಯಿಂದ ಮೆಲ್ಲಗೆ ಬಿಡಿಸಿ ನೋಡಬೇಕು. ದೊಡ್ಡ ಜಾತಿಯ ಹುತ್ತದ ಅಣಬೆಯ ಕಾಂಡವು ಬೇರಿನಂತೆ ಆಳಕ್ಕಿಳಿದು ಗೆದ್ದಲಿನ ಗೂಡನ್ನು ಮುಟ್ಟಿರುತ್ತದೆ ಮತ್ತು ಟೋಪಿಯ ನೆತ್ತಿ ಮೊನೆಯಾಗಿರುತ್ತದೆ. ಕ್ಲೋರೊಫಿಲ್ಲಮ್‌ನ ಕಾಂಡವಾದರೋ ತುಸು ಉಬ್ಬಿದ ಬುಡದಲ್ಲಿಯೇ ಮುಗಿಯುತ್ತದೆ. ಬುಡದಲ್ಲಿ ಹರಿದ ಚೀಲದಂಥ ಹೊದಿಕೆ ಕಂಡರೆ ಅದು ಅಮಾನಿಟಾ ಕುಲದ್ದಿರಬಹುದು. ಆ ಕುಲದ ಕೆಲವು ಜಾತಿಗಳು ಯಕೃತ್ತನ್ನೇ ಹಾಳುಮಾಡಿ ಜೀವ ತೆಗೆಯುತ್ತವೆ. ಅವುಗಳ ವಿಷ ಬೇಯಿಸಿದರೂ ಹೋಗದು.

ಕ್ಲೋರೊಫಿಲ್ಲಮ್‌ನ ಟೋಪಿಯ ಅಡಿಯ ಪದರಗಳು ಎಳೆಯದರಲ್ಲಿ ಬೆಳ್ಳಗಿದ್ದು, ಬಲಿತಂತೆ ಬೂದು ಹಸಿರಿಗೆ ತಿರುಗುತ್ತವೆ. ಆದ್ದರಿಂದ ಮೊಗ್ಗನ್ನು ನೋಡಿ ತೀರ್ಮಾನಿಸುವುದು ಸಲ್ಲದು. ಬಲಿತ ಟೋಪಿಯನ್ನು ಕತ್ತರಿಸಿ, ಪದರಗಳು ಕೆಳಗಿರುವಂತೆ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಕವುಚಿ ರಾತ್ರಿಯಿಡೀ ಬಿಟ್ಟರೆ ಬೀಜಕಣಗಳ ಅಚ್ಚು ಮೂಡುತ್ತದೆ. ಮಸುಕು ಹಸಿರು ಅಚ್ಚು ಬಂದರೆ ಅದು ಕ್ಲೋರೊಫಿಲ್ಲಮ್ ಎಂಬುದರಲ್ಲಿ ಇನ್ನು ಸಂದೇಹ ಬೇಡ. ಹುತ್ತದ ಅಣಬೆಯದು ನಸುಗೆಂಪು ಛಾಯೆಯ ಅಚ್ಚು. ಬಿಳಿ ಅಚ್ಚು ಬಂದಿತೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಅಮಾನಿಟಾದ ಅಚ್ಚೂ ಬಿಳಿಯೇ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಹುಳು ತಿಂದಿದೆ ಎಂಬ ಪರೀಕ್ಷೆಗಳಿಗಂತೂ ಯಾವ ಬೆಲೆಯೂ ಇಲ್ಲ.

ಕ್ಲೋರೊಫಿಲ್ಲಮ್ ತಿಂದವರಿಗೆ ಸಾಮಾನ್ಯವಾಗಿ 1ರಿಂದ 3 ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಮಾರಕ ಅಮಾನಿಟಾದ ಲಕ್ಷಣಗಳು 6 ಗಂಟೆಗೂ ತಡವಾಗಿ ತೋರಿ, ನಡುವೆ ಗುಣವಾದಂತೆ ಭಾಸವಾಗಿ, ಬಳಿಕ ಉಲ್ಬಣಿಸುತ್ತವೆ. ಎರಡರಲ್ಲಿ ಯಾವುದೇ ಇರಲಿ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು, ತಿಂದ ಹೊತ್ತನ್ನು ಬರೆದುಕೊಂಡು, ಒಟ್ಟಿಗೆ ಉಂಡವರೆಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು.