ಬೇಸಿಗೆಯಲ್ಲಿ ಟೊಮೆಟೊ ನಾಟಿ: ಸಸಿ ಬಾಡದಂತೆ ನೆಡುವುದು ಹೇಗೆ?

ಯುಗಾದಿ ಕಳೆದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ನಾಟಿ ಆದ ಮೂರನೇ ದಿನ ತೋಟಕ್ಕೆ ಹೋಗಿ ನೋಡಿ. ಸಾಲಿನ ಮಧ್ಯೆ ಅಲ್ಲಲ್ಲಿ ಸಸಿಗಳು ಬಾಡಿ ಮಲಗಿರುತ್ತವೆ. ನರ್ಸರಿಯವರು ಕೆಟ್ಟ ಸಸಿ ಕೊಟ್ಟರು ಅಂತ ಬೈಯುವವರೇ ಜಾಸ್ತಿ. ಆದರೆ ಬಹಳ ಸಲ ತಪ್ಪಾಗಿರುವುದು ನೆಟ್ಟ ರೀತಿಯಲ್ಲಿ.

ಭೂಮಿ ಸಿದ್ಧತೆ ನಿಮಗೆ ಗೊತ್ತಿರುವುದೇ. ಉಳುಮೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೆಡ್ ಅಂದರೆ ಏರು ಮಡಿ, ಹನಿಹನಿಯಾಗಿ ನೀರು ಬಿಡುವ ಡ್ರಿಪ್ ಪೈಪು, ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್ ಶೀಟ್. ಬೇಸಿಗೆಗೆ ಬೆಳ್ಳಿ ಬಣ್ಣದ ಮಗ್ಗುಲೇ ಮೇಲಿರಲಿ. ಅಗ್ಗಕ್ಕೆ ಸಿಗುತ್ತೆ ಅಂತ 25 ಮೈಕ್ರಾನ್‌ಗಿಂತ ತೆಳು ಶೀಟ್ ತರಲೇಬೇಡಿ. ಬೆಳೆ ಮುಗಿಯುವ ಮೊದಲೇ ಚಿಂದಿಯಾಗುತ್ತದೆ, ಆ ಚೂರು ಹೆಕ್ಕುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.

ಸಸಿಗೆ 25ರಿಂದ 30 ದಿನ ಆಗಿರಲಿ. ಕುಳ್ಳಗೆ, ಕಾಂಡ ಗಟ್ಟಿ ಇರುವುದನ್ನೇ ಆರಿಸಿ. ತಂದ ದಿನವೇ ನೆಡಬೇಡಿ. ಅದು ನೆರಳುಬಲೆಯ ಕೆಳಗೆ ಬೆಳೆದದ್ದು, ಅಲ್ವಾ? ಎರಡು ಮೂರು ದಿನ ಅಂಗಳದಲ್ಲಿಟ್ಟು ಬಿಸಿಲಿಗೆ ಒಗ್ಗಿಸಿ.

ಇನ್ನು ಎಲ್ಲರೂ ಎಡವುವ ಜಾಗ. ಕಳೆದ ಬೇಸಿಗೆ ನಮ್ಮ ತೋಟದಲ್ಲೇ ಬಾಡಿದ ಒಂದು ಸಸಿ ಕಿತ್ತು ನೋಡಿದೆ. ಸುತ್ತಲ ಮಣ್ಣು ಒದ್ದೆ. ಬೇರಿನ ಉಂಡೆ ಹಿಸುಕಿದರೆ ಒಳಗೆ ಒಣ ಪುಡಿ! ನರ್ಸರಿಯವರು ಸಸಿ ಬೆಳೆಸಿ ಕೊಡುವ ಗುಳಿಗುಳಿಯ ಟ್ರೇಯಲ್ಲಿರುವುದು ತೆಂಗಿನ ನಾರಿನ ಪುಡಿ. ಒಮ್ಮೆ ಪೂರ್ತಿ ಒಣಗಿದರೆ ಅದು ಸುಲಭಕ್ಕೆ ನೀರು ಕುಡಿಯುವುದಿಲ್ಲ. ಡ್ರಿಪ್ ನೀರು ಪಕ್ಕದಲ್ಲೇ ಇಳಿದುಹೋಗುತ್ತದೆ. ಮೇಲೆ ಸುಮ್ನೆ ನೀರು ಚಿಮುಕಿಸಿದರೂ ಸಾಲದು. ನೆಡುವ ಮುಂಚೆ ಅಗಲ ಬಾಣಲಿಯಲ್ಲಿ ನೀರು ತುಂಬಿ, ಟ್ರೇಯ ತಳವನ್ನು ಅದರಲ್ಲಿ ಅದ್ದಿ. ಗುಳ್ಳೆ ಏಳುವುದು ನಿಲ್ಲುವ ತನಕ ಬಿಡಿ. ರಜೆಗೆ ಮನೆಯಲ್ಲಿರುವ ಮಕ್ಕಳಿಗೆ ಈ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ.

ಹಿಂದಿನ ಸಂಜೆಯೇ ಡ್ರಿಪ್ ಬಿಟ್ಟು ಬೆಡ್ ನೆನೆಸಿರಬೇಕು. ನಾಟಿ ಸಂಜೆ ನಾಲ್ಕರ ಮೇಲೆ. ಕಾಂಡ ಹಿಡಿದು ಎಳೆಯಬೇಡಿ, ಟ್ರೇಯ ಅಡಿಯಿಂದ ಬೆರಳಲ್ಲಿ ಒತ್ತಿ ಸಸಿ ಎಬ್ಬಿಸಿ. ಉಂಡೆ ಪೂರ್ತಿ ಮಣ್ಣೊಳಗೆ ಹೋಗಿ, ಮೇಲೆ ಒಂದು ಬೆರಳು ದಪ್ಪ ಮಣ್ಣು ಮುಚ್ಚಬೇಕು. ನಾರಿನ ಪುಡಿ ಹೊರಗೆ ಕಂಡರೆ ಗಾಳಿಗೆ ಅದೇ ಮೊದಲು ಒಣಗುವುದು. ಕಾಂಡ ಶೀಟಿಗೆ ತಾಗಲೇಬಾರದು. ಕಾದ ಪ್ಲಾಸ್ಟಿಕ್ ಎಳೆ ಕಾಂಡವನ್ನು ಸುಟ್ಟುಬಿಡುತ್ತದೆ. ತೂತು ಸ್ವಲ್ಪ ಅಗಲ ಮಾಡಿ, ಬುಡಕ್ಕೆ ಒಂದು ಹಿಡಿ ಮಣ್ಣು ಕೊಡಿ.

ನೀರು ಬೆಳಗ್ಗೆ ಬೇಗ ಬಿಡಿ. ಮಧ್ಯಾಹ್ನವೇ ಕರೆಂಟು ಬರುವ ಊರಾದರೆ ಮೋಟರು ಹಾಕಿದ ತಕ್ಷಣ ಪೈಪಿನ ತುದಿ ಬಿಚ್ಚಿ, ಒಳಗೆ ಕಾದ ನೀರು ಹೊರಗೆ ಹೋಗಲಿ. ಕೈಗೆ ತಣ್ಣಗೆ ಹತ್ತಿದ ಮೇಲೆ ಮುಚ್ಚಿ.

ಒಂದು ಟ್ರೇ ಸಸಿ ಉಳಿಸಿಕೊಂಡಿರಿ. ಸತ್ತವುಗಳ ಜಾಗದಲ್ಲಿ ವಾರದೊಳಗೇ ನೆಟ್ಟುಬಿಡಿ. ತಡವಾದರೆ ಹೊಸ ಸಸಿ ಅಕ್ಕಪಕ್ಕದ ಗಿಡಗಳ ನೆರಳಲ್ಲೇ ಉಳಿದುಬಿಡುತ್ತದೆ.